ಬಿಚ್ಚಿ ಕಟ್ಟುವ ಮನೆ

ಕಳೆದ ವರ್ಷದ ಶ್ರಾವಣದಲ್ಲಿ ಒಂದು ಭಾನುವಾರ ನನ್ನ ತಂಗಿಯ ಮಗಳು ಕಾಗದದ ಉದ್ದನೆಯ ಸುರುಳಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಮನೆಗೆ ಬಂದಳು. ಆಕೆ ವಾಸ್ತುಶಿಲ್ಪದ ನಾಲ್ಕನೆಯ ವರ್ಷದ ವಿದ್ಯಾರ್ಥಿನಿ. ವಿದ್ಯಾರ್ಥಿನಿಲಯದ ಊಟ ಬೇಸರವಾದಾಗಲೆಲ್ಲ ಅವಳಿಗೆ ಸೋದರಮಾವನ ನೆನಪಾಗುವುದುಂಟು. ಅಂದು ಮಾತ್ರ ಊಟಕ್ಕಿಂತ ದೊಡ್ಡದಾದ ಚಿಂತೆಯೊಂದು ಅವಳನ್ನು ಹಿಡಿದಿತ್ತು.

“ಮಾವ, ಇಪ್ಪತ್ತು ಚದರ ಮೀಟರಿನಲ್ಲಿ ನಾಲ್ವರ ಸಂಸಾರ ನಡೆಯಬೇಕು. ಮನೆಯನ್ನು ಬಿಚ್ಚಿ ಒಂದೇ ಲಾರಿಯಲ್ಲಿ ತುಂಬುವಂತಿರಬೇಕು. ನಾಲ್ಕು ಜನ ಸೇರಿ ಎರಡು ದಿನದಲ್ಲಿ ಮತ್ತೆ ಕಟ್ಟಬೇಕು. ಎದ್ದುಹೋದ ಮೇಲೆ ನೆಲ ಮೊದಲಿದ್ದಂತೆಯೇ ಇರಬೇಕು. ಇದು ನಮಗೆ ಕೊಟ್ಟಿರುವ ಸಮಸ್ಯೆ” ಎಂದಳು.

ಇಪ್ಪತ್ತು ಚದರ ಮೀಟರೆಂದರೆ ಸುಮಾರು ಇನ್ನೂರ ಹದಿನೈದು ಚದರಡಿ. ನಮ್ಮ ಮನೆಯ ಹಜಾರವೇ ಅದಕ್ಕಿಂತ ದೊಡ್ಡದು. ಬೆಂಗಳೂರಿನ ಹೊರವಲಯದ ಬಡಾವಣೆಯೊಂದರಲ್ಲಿ 30–40 ಅಡಿಯ ನಿವೇಶನ ಕೊಂಡು, ಇಪ್ಪತ್ತು ವರ್ಷದ ಸಾಲ ಮಾಡಿ ಕಟ್ಟಿಸಿದ ಮನೆಯದು. ಸಾಲಪತ್ರದ ಪುಟಪುಟಕ್ಕೂ ಕನ್ನಡದಲ್ಲಿಯೇ ಸಹಿ ಹಾಕಿದೆನೆಂಬುದೊಂದನ್ನು ಬಿಟ್ಟರೆ ಆ ವ್ಯವಹಾರದಲ್ಲಿ ನಾನು ಹೆಮ್ಮೆಪಡುವಂಥದೇನೂ ಇರಲಿಲ್ಲ. ಗೃಹವೆಂದರೆ ಬುನಾದಿ ತೋಡಿ, ಕಬ್ಬಿಣ ಕಟ್ಟಿ, ಕಾಂಕ್ರೀಟು ಸುರಿದು, ಮೊಮ್ಮಕ್ಕಳ ಕಾಲದವರೆಗೂ ಅಲುಗದಂತೆ ನಿಲ್ಲಿಸುವಂಥದು ಎಂದು ನಂಬಿದ್ದವನಿಗೆ ಹುಡುಗಿಯ ಸಮಸ್ಯೆ ವಿನೋದವಾಗಿ ಕಂಡಿತು. ಅವಳು ಮಾತ್ರ ಗಂಭೀರವಾಗಿಯೇ ಇದ್ದಳು. ಜಗತ್ತು ಗಾಳಿಗೆ ಬಿಡುವ ಇಂಗಾಲದ ಹೊಗೆಯಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಸುಡುವುದರಿಂದಲೇ ಬರುತ್ತದೆಂದೂ, ಕಾಂಕ್ರೀಟಿನ ಮನೆಯನ್ನು ಕೆಡವಿದರೆ ಉಳಿಯುವುದು ಪುಡಿಗಲ್ಲಿನ ರಾಶಿಯೆಂದೂ, ಮೊಳೆ ಹೊಡೆದ ಮರ ಒಂದೆರಡು ಸಲ ಬಿಚ್ಚುವಷ್ಟರಲ್ಲಿ ಸೀಳುತ್ತದೆಂದೂ, ಬೋಲ್ಟು ತಿರುಗಿಸಿ ಕೂಡಿಸಿದ್ದು ಹತ್ತು ಸಲ ಬಿಚ್ಚಿದರೂ ಹಾಗೆಯೇ ಇರುತ್ತದೆಂದೂ ನನಗೆ ಪಾಠ ಹೇಳಿದಳು. ಮೇಷ್ಟರಿಗೆ ಪಾಠ ಹೇಳುವ ಸುಖವನ್ನು ಯಾರು ತಾನೇ ಬಿಟ್ಟಾರು!

ಕನ್ನಡ ಕಲಿಸುವವನಿಗೆ ಒಂದು ದುರಭ್ಯಾಸವಿದೆ. ವಸ್ತು ತಿಳಿಯದಿದ್ದಲ್ಲಿ ಪದವನ್ನು ಹಿಡಿದುಕೊಳ್ಳುತ್ತಾನೆ. ನಾನೂ ಹಾಗೆಯೇ ಮಾಡಿದೆ. ‘ಬೀಡು’ ಎಂಬ ನಮ್ಮ ಹಳೆಯ ಮಾತು ‘ಬಿಡು’ ಎಂಬ ಧಾತುವಿನಿಂದ ಬಂದದ್ದು. ದಂಡು ಇಳಿದುಕೊಂಡ ಎಡೆ ಬೀಡು, ಪಯಣಿಗ ತಂಗಿದ ಎಡೆ ಬಿಡಾರ. ಶಾಸನಗಳಲ್ಲಿ ಅರಸರ ‘ನೆಲೆವೀಡು’ಗಳು ಬರುತ್ತವೆ. ನೆಲೆಸುವುದು ಬಿಡುವುದು ಎರಡೂ ಒಂದೇ ಸಮಾಸದಲ್ಲಿ ಕೈಹಿಡಿದು ನಿಂತಿವೆ. ತಮಿಳರಲ್ಲಂತೂ ‘ವೀಡು’ ಎಂದರೆ ಮನೆಯೂ ಹೌದು, ಮೋಕ್ಷವೂ ಹೌದು. ಈ ಪ್ರಸಂಗದಲ್ಲಿ ಸ್ಥಾವರ ಜಂಗಮಗಳ ವಚನವನ್ನು ಉದ್ಧರಿಸದಿದ್ದರೆ ಕನ್ನಡ ಅಧ್ಯಾಪಕನಿಗೆ ಶೋಭೆಯಲ್ಲವೆಂದು ಬಲ್ಲೆ. ಆದರೆ ಗೃಹಪ್ರವೇಶದ ಭಾಷಣಗಳಲ್ಲಿ ಅದು ಸವೆದಿರುವ ಪರಿಯನ್ನು ನೆನೆದು ಸುಮ್ಮನಾಗುತ್ತೇನೆ.

ಅವಳಿಗೆ ಒಂದು ಪುಸ್ತಕದ ಕಥೆ ಹೇಳಿದೆ. ಜಪಾನಿನ ಕಾಮೋ ನೊ ಚೋಮೇ 1212ರಲ್ಲಿ ಬರೆದ ‘ಹೋಜೋಕಿ’. ಹತ್ತಡಿ ಚೌಕದ ಗುಡಿಸಲಿನ ವೃತ್ತಾಂತವೆಂದು ಅದರ ಅರ್ಥ. ಚೋಮೇ ಕ್ಯೋಟೋ ನಗರದವನು, ಕವಿ, ಸಂಗೀತಗಾರ. ತನ್ನ ಜೀವಮಾನದಲ್ಲಿ ಆ ನಗರ ಪಟ್ಟ ಪಾಡನ್ನೆಲ್ಲ ಆತ ಕಂಡಿದ್ದ: 1177ರ ಬೆಂಕಿ, 1180ರ ಸುಂಟರಗಾಳಿ, ಅದರ ಹಿಂದೆಯೇ ಎರಡು ವರ್ಷದ ಕ್ಷಾಮ, 1185ರ ಭೂಕಂಪ. ಇವುಗಳ ನಡುವೆ 1180ರಲ್ಲಿ ರಾಜಧಾನಿಯನ್ನೇ ಬೇರೆಡೆಗೆ ಸಾಗಿಸುವ ಆಜ್ಞೆ ಹೊರಟಿತು. ಜನ ತಮ್ಮ ಮನೆಗಳನ್ನು ಬಿಚ್ಚಿ, ಮರವನ್ನು ತೆಪ್ಪವಾಗಿ ಕಟ್ಟಿ, ಹೊಳೆಯಲ್ಲಿ ತೇಲಿಬಿಟ್ಟರು. ಹಳೆಯ ಊರು ಹಾಳಾಯಿತು, ಹೊಸ ಊರು ಇನ್ನೂ ಎದ್ದಿರಲಿಲ್ಲ. ತಿಂಗಳುಗಳು ಕಳೆಯುವುದರೊಳಗೆ ರಾಜಧಾನಿ ಮರಳಿ ಕ್ಯೋಟೋಗೇ ಬಂದಿತು. ಬಿಚ್ಚಿದ ಮನೆಗಳೆಲ್ಲ ಮೊದಲಿನಂತೆ ಮತ್ತೆ ಎದ್ದು ನಿಲ್ಲಲಿಲ್ಲ.

ಇದನ್ನೆಲ್ಲ ಕಂಡವನು ಮನೆಯನ್ನು ಕಿರಿದುಮಾಡುತ್ತ ಹೋದ. ಅಜ್ಜಿಯ ದೊಡ್ಡ ಮನೆಯಲ್ಲಿದ್ದವನು ಮೂವತ್ತು ದಾಟಿದ ಮೇಲೆ ಅದರ ಹತ್ತನೆಯ ಒಂದು ಪಾಲಿನ ಮನೆ ಕಟ್ಟಿಕೊಂಡ. ಅರವತ್ತು ಸಮೀಪಿಸಿದಾಗ ಅದರ ನೂರನೆಯ ಒಂದು ಪಾಲೂ ಇಲ್ಲದ ಗುಡಿಸಲನ್ನು ಬೆಟ್ಟದ ಮೇಲೆ ನಿಲ್ಲಿಸಿದ. ಹತ್ತಡಿ ಚೌಕ, ಎತ್ತರ ಏಳಡಿ. ಕೀಲುಗಳಿಗೆ ಲೋಹದ ಕೊಂಡಿ. ಜಾಗ ಸರಿಬೀಳದಿದ್ದರೆ ಬಿಚ್ಚಿ ಹೊರಡಬಹುದು, ಎರಡು ಗಾಡಿ ಸಾಕು, ಗಾಡಿಯವನ ಕೂಲಿಯ ಹೊರತು ಬೇರೆ ಖರ್ಚಿಲ್ಲ ಎಂದು ಲೆಕ್ಕ ಕೊಡುತ್ತಾನೆ. ಒಳಗೆ ಅಮಿದ ಬುದ್ಧನ ಚಿತ್ರ, ಕವಿತೆಗಳಿರುವ ಪೆಟ್ಟಿಗೆ, ಎರಡು ವಾದ್ಯಗಳು. ಆ ವಾದ್ಯಗಳಲ್ಲಿ ಒಂದು ಮಡಿಸುವಂಥದು, ಇನ್ನೊಂದು ಬಿಚ್ಚಿ ಜೋಡಿಸುವಂಥದು! ಇದನ್ನು ಹೇಳಿದಾಗ ಹುಡುಗಿ ಚಪ್ಪಾಳೆ ತಟ್ಟಿದಳು. ಆದರೆ ಗ್ರಂಥದ ಕೊನೆಗೆ ಮುದುಕ ತನ್ನನ್ನೇ ಕೇಳಿಕೊಳ್ಳುತ್ತಾನೆ: ಈ ಗುಡಿಸಲಿನ ಮೇಲೆ ನನಗಿರುವ ಮೋಹವೂ ಒಂದು ಬಂಧನವಲ್ಲವೇ? ಅದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಅವಳ ಸುರುಳಿಯಲ್ಲಿಯೂ ಮಹಾಪುರುಷರ ಚಿತ್ರಗಳಿದ್ದವು. ನಮ್ಮ ಚಂಡೀಗಢದ ವಾಸ್ತುಶಿಲ್ಪಿ ಲ ಕಾರ್ಬುಸಿಯೆ 1952ರಲ್ಲಿ ಫ್ರಾನ್ಸಿನ ಕಡಲಂಚಿನಲ್ಲಿ ತನಗಾಗಿ ನಿಲ್ಲಿಸಿಕೊಂಡ ಮರದ ಕೋಣೆಯ ಉದ್ದ ಅಗಲ ಎರಡೂ 3.66 ಮೀಟರು. ಅದರ ಭಾಗಗಳು ಕಾರ್ಸಿಕಾ ದ್ವೀಪದಲ್ಲಿ ತಯಾರಾಗಿ ಬಂದವು. ಮಂಚ, ಮೇಜು, ಗೂಟ ಎಲ್ಲವೂ ಅಂಗುಲದ ಲೆಕ್ಕದಲ್ಲಿ ಕೂತಿವೆ. ಅಡಿಗೆಮನೆ ಮಾತ್ರ ಇಲ್ಲ, ಪಕ್ಕದಲ್ಲಿ ಅಂಟಿಕೊಂಡೇ ಊಟದ ಹೋಟೆಲೊಂದಿತ್ತು. ಝಾನ್ ಪ್ರೂವೆ ಎಂಬ ಕಬ್ಬಿಣದ ಕುಶಲಕರ್ಮಿಯ ಕಥೆ ಬೇರೆ. 1944–45ರಲ್ಲಿ, ಯುದ್ಧದಲ್ಲಿ ಮನೆ ಕಳೆದುಕೊಂಡ ಲೊರೇನ್ ಪ್ರಾಂತದ ಜನರಿಗಾಗಿ ಆತ 6 ಮೀಟರು ಚೌಕದ ಮನೆಗಳನ್ನು ರೂಪಿಸಿದ. ನಡುವೆ ಮಡಿಸಿದ ಉಕ್ಕಿನ ತಗಡಿನ ಒಂದು ಕವಲುಗಂಬ, ಸುತ್ತ ಮರದ ಹಲಗೆಗಳು. ಕೆಲವೇ ಜನ ಸೇರಿ ಒಂದು ದಿನದಲ್ಲಿ ಎಬ್ಬಿಸಬಹುದಾದ ಮನೆ. ಅಂದು ನಿರ್ಗತಿಕರಿಗಾಗಿ ಮಾಡಿದ ಆ ಮನೆಗಳನ್ನು ಇಂದು ಕಲಾವ್ಯಾಪಾರಿಗಳು ಕೊಂಡು ಸಿರಿವಂತರಿಗೆ ಮಾರುತ್ತಾರೆ. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ನಮಗೆ ಹತ್ತಿರದ ನಿದರ್ಶನವೂ ಒಂದಿತ್ತು. 1995ರಲ್ಲಿ ಕೋಬೆ ನಗರ ಭೂಕಂಪಕ್ಕೆ ಕುಸಿದಾಗ ಶಿಗೆರು ಬಾನ್ ಎಂಬ ವಾಸ್ತುಶಿಲ್ಪಿ ರಟ್ಟಿನ ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ ಗೋಡೆ ಮಾಡಿದ. ಬಿಯರಿನ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಮರಳಿನ ಮೂಟೆಗಳನ್ನು ತುಂಬಿ ಬುನಾದಿ ಮಾಡಿದ. 2001ರಲ್ಲಿ ಭುಜ್ ನಡುಗಿದಾಗ ಅಂಥದೇ ಮನೆ ಗುಜರಾತಿಗೂ ಬಂದಿತು. ಅಲ್ಲಿ ಬಿಯರಿನ ಪೆಟ್ಟಿಗೆ ಎಲ್ಲಿಂದ ಬರಬೇಕು? ಕುಸಿದ ಮನೆಗಳ ಕಲ್ಲುಮಣ್ಣೇ ಬುನಾದಿಯಾಯಿತು, ಮೇಲೆ ಮಣ್ಣಿನ ನೆಲ, ಬಿದಿರಿನ ಕಮಾನು, ಚಾಪೆಯ ಚಾವಣಿ. ಮರಳಿನ ಮೂಟೆಯೇಕೆಂದು ಕೇಳಿದೆ. “ಹಗುರವಾದ ಮನೆ ಬೀಳುವುದಿಲ್ಲ ಮಾವ, ಹಾರುತ್ತದೆ. ಗಾಳಿ ಅದರ ಚಾವಣಿಯನ್ನು ಮೇಲಕ್ಕೆತ್ತುತ್ತದೆ. ಅದನ್ನು ನೆಲಕ್ಕೆ ಹಿಡಿದಿಡುವುದೇ ಕಷ್ಟ” ಎಂದಳು.

ಅವಳ ಮೊದಲ ನಕ್ಷೆ ಬಹಳ ಸುಂದರವಾಗಿತ್ತು. ಬಿದಿರಿನ ಕಂಬಗಳು, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಗಳು, ಬಿಸಿಲು ನೇರ ಇಳಿಯದಂತೆ ನಡುವೆ ಗಾಳಿಯಾಡುವ ಎರಡು ಪದರದ ಚಾವಣಿ. ಹಗಲು ಗೋಡೆಯೊಳಗೆ ಮಡಿಸಿಹೋಗುವ ಮಂಚ, ಕಿಟಕಿಯ ಬಾಗಿಲೇ ಕೆಳಗಿಳಿದು ಮೇಜಾಗುವುದು. ಚಿತ್ರದಲ್ಲಿ ಒಬ್ಬ ತರುಣ ಆ ಮೇಜಿನ ಮುಂದೆ ಕಾಫಿ ಕುಡಿಯುತ್ತ ಪುಸ್ತಕ ಓದುತ್ತಿದ್ದ.

“ಇದರಲ್ಲಿ ಇರುವವರು ಯಾರಮ್ಮ?” ಎಂದೆ.

“ಯಾರಾದರೂ” ಎಂದಳು.

ನಮ್ಮ ಮನೆಯ ಎದುರು ಸಾಲಿನ ಖಾಲಿ ನಿವೇಶನದಲ್ಲಿ ಆಗ ಹತ್ತು ಹನ್ನೆರಡು ತಗಡಿನ ಷೆಡ್ಡುಗಳಿದ್ದವು. ಪಕ್ಕದಲ್ಲಿ ಏಳುತ್ತಿದ್ದ ಐದಂತಸ್ತಿನ ಕಟ್ಟಡಕ್ಕೆ ದುಡಿಯಲು ಯಾದಗಿರಿ ಕಡೆಯಿಂದ ಬಂದ ಸಂಸಾರಗಳು. ತಗಡಿನ ಮೇಲೆ ನೀಲಿ ಟಾರ್ಪಾಲು, ಟಾರ್ಪಾಲಿನ ಮೇಲೆ ಹಳೆಯ ಟೈರು, ಕಲ್ಲು. ಹಾರುವ ಮನೆಯನ್ನು ಹಿಡಿದಿಡುವ ವಿದ್ಯೆ ಅವರಿಗೆ ಯಾವ ಕಾಲೇಜಿನಿಂದಲೂ ಬರಬೇಕಾಗಿರಲಿಲ್ಲ. ಅವರನ್ನು ಕೇಳೋಣ ಬಾ ಎಂದು ಕರೆದುಕೊಂಡು ಹೋದೆ.

ಇಲ್ಲಿ ಓದುಗರಲ್ಲಿ ಒಂದು ಮಾತನ್ನು ನಿವೇದಿಸಲೇಬೇಕು. ಅದಕ್ಕೆ ಎರಡು ತಿಂಗಳ ಹಿಂದೆ ನಮ್ಮ ಬಡಾವಣೆಯ ನಿವಾಸಿಗಳು ಸೇರಿ, ಸೊಳ್ಳೆ, ಹೊಗೆ, ನೈರ್ಮಲ್ಯಗಳ ಕಾರಣ ಕೊಟ್ಟು, ಈ ಷೆಡ್ಡುಗಳನ್ನು ತೆಗೆಸಬೇಕೆಂದು ಆ ನಿವೇಶನದ ಮಾಲೀಕರಿಗೆ ಒಂದು ಪತ್ರ ಬರೆದಿದ್ದೆವು. ಇಪ್ಪತ್ತೇಳು ಮನೆಯವರು ಸಹಿ ಮಾಡಿದರು. ನಾನೂ ಮಾಡಿದೆ. ಓದದೆ ಮಾಡಿದೆನೆಂದು ಹೇಳಿದರೆ ಸುಳ್ಳಾದೀತು. ಸಂಜೆಯ ಹೊತ್ತು ನಮ್ಮ ಕಿಟಕಿಗಳಿಗೆ ಹೊಗೆ ಬರುತ್ತಿದ್ದುದೂ ನಿಜ. ಇದನ್ನು ನಾನು ಹುಡುಗಿಗೆ ಹೇಳಲಿಲ್ಲ.

ಷೆಡ್ಡಿನ ಮುಂದೆ ಕುಳಿತಿದ್ದ ಹಿರಿಯ ಹೆಂಗಸೊಬ್ಬಳು ನಕ್ಷೆಯನ್ನು ಮೊಣಕಾಲ ಮೇಲೆ ಹರವಿಕೊಂಡು ನೋಡಿದಳು. ನಕ್ಷೆ ಓದಲು ಆಕೆಗೆ ಕಷ್ಟವಾಗಲಿಲ್ಲ. ಎಷ್ಟು ಕಟ್ಟಡಗಳಿಗೆ ಮಣ್ಣು ಹೊತ್ತಿದ್ದಳೋ. ಮೊದಲು ಒಲೆ ಎಲ್ಲೆಂದು ಕೇಳಿದಳು. ಮೂಲೆಯಲ್ಲಿದ್ದ ವಿದ್ಯುತ್ ಒಲೆಯನ್ನು ಹುಡುಗಿ ತೋರಿಸಿದಳು. “ಕರೆಂಟ್ ಯಾರ ಕೊಡ್ತಾರವ್ವಾ?” ಎಂದಳು ಆಕೆ. ಆಮೇಲೆ ಹೆಣ್ಣುಮಕ್ಕಳು ಮೈ ತೊಳೆಯುವುದು ಎಲ್ಲಿ ಎಂಬ ಪ್ರಶ್ನೆ. ಸೂರ್ಯ ಹುಟ್ಟುವ ಮೊದಲೇ ಎದ್ದು ಟಾರ್ಪಾಲು ಮರೆಮಾಡಿಕೊಂಡು ಸ್ನಾನ ಮುಗಿಸಬೇಕಾಗಿದ್ದವರ ಪ್ರಶ್ನೆ ಅದು. ಮತ್ತೆ ಬೆರಳನ್ನು ಚಾವಣಿಯ ಮೇಲಿಟ್ಟು, “ಜೋಲಿ ಎಲ್ಲಿ ಕಟ್ಟೂದು? ಈ ಬಿದರ ತಡೀತದೇನು?” ಎಂದಳು. ಅವಳ ಹಿಂದೆ ಸೊಸೆಯ ಸೀರೆಯ ಜೋಲಿಯಲ್ಲಿ ಕೂಸೊಂದು ಮಲಗಿತ್ತು.

ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ಜೋಲಿಯ ಪ್ರಶ್ನೆ ಅವಳನ್ನು ತೀರ ಕಾಡಿತು. ಚಾವಣಿಯ ಭಾರವನ್ನೂ ಗಾಳಿಯ ಎಳೆತವನ್ನೂ ಲೆಕ್ಕ ಹಾಕಿದ್ದಳು. ತೂಗಾಡುವ ಮಗುವಿನ ಭಾರ ಲೆಕ್ಕಕ್ಕೆ ಬಂದಿರಲಿಲ್ಲ. ಹೊರಡುವ ಮುನ್ನ ಮನೆಯನ್ನು ಬಿಚ್ಚಿ ಒಯ್ಯಬಹುದಾದ ಚಮತ್ಕಾರವನ್ನು ಉತ್ಸಾಹದಿಂದ ವಿವರಿಸಿದಳು. ಆಕೆ ಕೇಳಿ ಸ್ವಲ್ಪ ನಕ್ಕಳು.

“ಮನಿ ಬಿಚ್ಚಿಕೊಂಡು ಹೋಗೂದು ನಮಗ ಕಲಸಬೇಕೇನವ್ವಾ? ಬಿಚ್ಚದಂಥಾ ಮನಿ ಇದ್ರ ಹೇಳು.”

ಆ ಮಾತಿನ ಮುಂದೆ ನನ್ನ ಚೋಮೇ ಅಡ್ಡ ಬರಲು ಹಿಂಜರಿದ. ಅವನು ಆಯ್ದುಕೊಂಡು ಬೆಟ್ಟ ಹತ್ತಿದವನು. ಕಾರ್ಬುಸಿಯೆಗೆ ಪ್ಯಾರಿಸಿನಲ್ಲಿ ಬೇರೆ ಮನೆಯಿತ್ತು. ಚಿಕ್ಕ ಮನೆಯ ಸೊಬಗನ್ನು ಕುರಿತು ಬರೆದವರಲ್ಲಿ ಅದರೊಳಗೆ ಆರು ಜನ ಮಲಗಿದವರು ವಿರಳ. ಹಾಗೆಂದು ಹುಡುಗಿಯ ವಿದ್ಯೆ ವ್ಯರ್ಥವೆಂದು ನಾನು ಹೇಳಲಾರೆ. ಅವರು ಹೇಗೂ ಆರು ತಿಂಗಳಿಗೊಮ್ಮೆ ಏಳಲೇಬೇಕು. ಎದ್ದುಹೋಗುವವರ ಮನೆ ಮಧ್ಯಾಹ್ನ ಕಾದ ಬಾಣಲೆಯಂತಿರಬೇಕೆಂಬ ನಿಯಮವೇನೂ ಇಲ್ಲವಲ್ಲ. ಎರಡು ಪದರದ ಚಾವಣಿ, ನೆಲದಿಂದ ಒಂದಡಿ ಎತ್ತರಿಸಿದ ಹಲಗೆ, ಚಿಲಕವಿರುವ ಬಚ್ಚಲು, ಇವು ವಿಲಾಸಗಳಲ್ಲ. ಗುತ್ತಿಗೆದಾರನ ಲೆಕ್ಕದಲ್ಲಿ ಇವಕ್ಕೆ ಜಾಗವಿಲ್ಲ, ಅಷ್ಟೇ.

ನಕ್ಷೆ ಬದಲಾಯಿತು. ನಾಲ್ಕಡಿಯ ಹಲಗೆಗಳು ಎರಡೂವರೆ ಅಡಿಗೆ ಇಳಿದವು. ಹೊರುವವರು ಹೆಂಗಸರು, ತಲೆಯ ಮೇಲೆ ಹೊರುವವರು ಎಂಬುದು ಈಗ ಗೊತ್ತಾಗಿತ್ತು. ಗೋಡೆಯೊಳಗೆ ಮಡಿಸುವ ಮಂಚ ಹೋಯಿತು, ಆ ಜಾಗದಲ್ಲಿ ಬೀಗ ಹಾಕುವ ಟ್ರಂಕು ಬಂದಿತು. ಒಲೆ ಹಿಂಬದಿಯ ಜಗಲಿಗೆ, ಮಳೆ ಬೀಳದ ಸೂರಿನ ಕೆಳಗೆ ಹೋಯಿತು. ಎರಡು ಮನೆಗಳ ನಡುವೆ ಒಂದು ಬಚ್ಚಲು. ನಡುತೊಲೆಗೆ ಮಾತ್ರ ಎರಡು ಬಿದಿರುಗಳನ್ನು ಜೋಡಿಸಿ, ನಾಲ್ಕು ಬೋಲ್ಟು ಹಾಕಿ, ಅದರ ನಟ್ಟನಡುವೆ ಒಂದು ಕಬ್ಬಿಣದ ಬಳೆ ಇಟ್ಟಳು. ಚಿತ್ರದಲ್ಲಿ ಕಾಫಿ ಕುಡಿಯುತ್ತಿದ್ದ ತರುಣ ಎಲ್ಲಿ ಹೋದನೋ ತಿಳಿಯದು.

ದಸರೆಗೆ ಮುಂಚೆಯೇ ಷೆಡ್ಡುಗಳು ಹೋದವು. ಒಂದು ಬೆಳಗ್ಗೆ ನಾನು ಕಾಲೇಜಿಗೆ ಹೊರಡುವಾಗ ತಗಡುಗಳನ್ನು ಇಳಿಸುತ್ತಿದ್ದರು, ಮಧ್ಯಾಹ್ನ ಮರಳುವಾಗ ಲಾರಿ ಹೊರಟುಹೋಗಿತ್ತು. ತಗಡು, ಗಳು, ಟಾರ್ಪಾಲು, ಕೊನೆಗೆ ಟೈರುಗಳನ್ನು ಸಹ ಒಯ್ದಿದ್ದರು. ಒಲೆಯ ಕಲ್ಲುಗಳು ಅಲ್ಲಿಯೇ ಉಳಿದಿದ್ದವು. ಕಲ್ಲು ಎಲ್ಲಿಯಾದರೂ ಸಿಗುತ್ತದೆ.

ದೀಪಾವಳಿಯ ಅನಂತರ ಹುಡುಗಿಯ ಮಾದರಿಯ ಪರೀಕ್ಷೆ ನಡೆಯಿತು. ಹೆಸರು ಕೇಳಿದಾಗ ‘ಬಿಡಾರ’ ಎಂದಳಂತೆ, ಅಷ್ಟರಮಟ್ಟಿಗೆ ಸೋದರಮಾವನ ಪಾಠ ಉಪಯೋಗಕ್ಕೆ ಬಂದಿತು. ಪರೀಕ್ಷಕರೊಬ್ಬರು ಇದರಲ್ಲಿ ವಾಸ್ತುಶಿಲ್ಪವೆಲ್ಲಿದೆ, ಇದು ಷೆಡ್ಡಲ್ಲವೇ ಎಂದು ಕೇಳಿದರು. ಇನ್ನೊಬ್ಬರು ಕಬ್ಬಿಣದ ಬಳೆಯನ್ನು ಬೆರಳಿನಿಂದ ಜಗ್ಗಿ ನೋಡಿ, ಏನೂ ಹೇಳದೆ, ಏನನ್ನೋ ಬರೆದುಕೊಂಡರು. ಅಂಕಗಳು ಮಧ್ಯಮವಾಗಿ ಬಂದವು.

ಆ ಸಂಜೆ ಅವಳು ಮಾದರಿಯನ್ನು ಬಿಚ್ಚಿ ಒಂದು ಪೆಟ್ಟಿಗೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ತಂದಳು. ನಾನು ಇನ್ನು ಮುಚ್ಚಿಡಲಾರದೆ ಪತ್ರದ ವಿಷಯ ಹೇಳಿದೆ. ಅವಳು ಹಲಗೆಗಳನ್ನು ಒಂದೊಂದಾಗಿ ಜೋಡಿಸುತ್ತಲೇ ಇದ್ದಳು.

“ಗೊತ್ತಿತ್ತು ಮಾವ” ಎಂದಳು. “ಬದಲಾದ ನಕ್ಷೆಯನ್ನು ತೋರಿಸಲು ನಾನೊಬ್ಬಳೇ ಮತ್ತೊಮ್ಮೆ ಹೋಗಿದ್ದೆ. ಮೇಸ್ತ್ರಿ ಅವರಿಗೆ ಆ ಪತ್ರವನ್ನು ಕೊಟ್ಟು ಹೋಗಿದ್ದನಂತೆ. ಆ ಅಜ್ಜಿಯ ಮೊಮ್ಮಗಳು ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿ. ಅವಳು ಓದಿದಳಂತೆ. ಪತ್ರವೆಲ್ಲ ಇಂಗ್ಲಿಷಿನಲ್ಲಿತ್ತು, ಸಹಿಗಳೂ ಇಂಗ್ಲಿಷಿನಲ್ಲಿದ್ದವು. ಒಂದು ಮಾತ್ರ ಕನ್ನಡದಲ್ಲಿತ್ತು. ನಿಮ್ಮ ಗೇಟಿನ ಮೇಲೆ ಅದೇ ಹೆಸರಿದೆಯೆಂದು ಆ ಮಗುವೇ ಅಜ್ಜಿಗೆ ತೋರಿಸಿತಂತೆ.”