ದಿನಕ್ಕೆ 3 ರೂಪಾಯಿಗೆ 13,000 ಜರ್ನಲ್

ಹರಪನಹಳ್ಳಿ ಕಡೆಯ ಇಪ್ಪತ್ತರ ಹುಡುಗಿಯೊಬ್ಬಳು ದಿನಕ್ಕೊಂದು ಸಂಶೋಧನಾ ಜರ್ನಲ್ ತೆರೆದು ನೋಡೋಣವೆಂದು ಇವತ್ತು ಶುರು ಮಾಡಿದಳು ಎನ್ನಿ. ಹಬ್ಬ, ಜಾತ್ರೆಗೂ ತಪ್ಪಿಸದೆ ನೋಡಿದರೂ ಕೊನೆಯದನ್ನು ಮುಟ್ಟುವ ಹೊತ್ತಿಗೆ ಅವಳಿಗೆ ಐವತ್ತೈದು ದಾಟಿರುತ್ತದೆ. ಏಕೆಂದರೆ ಅವಳ ಮುಂದಿರುವುದು ಹತ್ತಿರ ಹತ್ತಿರ 13,000 ಜರ್ನಲ್‌ಗಳು. ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ ಯೋಜನೆ 2025ರ ಜನವರಿಯಲ್ಲಿ ಜಾರಿಗೆ ಬಂದಾಗ 30 ಪ್ರಕಾಶಕರ ಬಾಗಿಲು ಒಟ್ಟಿಗೇ ತೆರೆಯಿತು. ಅವಳ ಕಾಲೇಜು ಸರ್ಕಾರದ್ದಾಗಿ, ಯೋಜನೆಗೆ ನೋಂದಾಯಿಸಿಕೊಂಡಿದ್ದರೆ ಸಾಕು.

ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇದನ್ನು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರಿಗೆ ಹಂಚಿ ನೋಡಿ: ತಲೆಗೆ ವರ್ಷಕ್ಕೆ 1,111 ರೂಪಾಯಿ, ದಿನಕ್ಕೆ ಮೂರು. ಅದೇ ದುಡ್ಡನ್ನು ಜರ್ನಲ್ ಲೆಕ್ಕದಲ್ಲಿ ಭಾಗಿಸಿದರೆ ಒಂದೊಂದಕ್ಕೂ ವರ್ಷಕ್ಕೆ 15 ಲಕ್ಷ ಮೀರುತ್ತದೆ. ಕೂಡ್ಲಿಗಿಯ ಯಾವ ಕಾಲೇಜಿನ ಗ್ರಂಥಪಾಲಕರು ಒಬ್ಬರೇ ಅಷ್ಟು ಕಟ್ಟಿಯಾರು?

ಜರ್ನಲ್‌ಗಳು ಎಲ್ಲಿಂದ ಎಲ್ಲಿಗೆ ಬಂದವು ಎಂದು ತಿಳಿಯಲು ಗ್ರಂಥಾಲಯ ವಿಜ್ಞಾನದ ಜರ್ನಲ್‌ಗಳನ್ನೇ ನೋಡಬೇಕು. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1964ರಲ್ಲಿ ಬೆಂಗಳೂರಿನಿಂದ ಹೊರಡಿಸಿದ ಪತ್ರಿಕೆಯ ಹೆಸರು ‘ಲೈಬ್ರರಿ ಸೈನ್ಸ್ ವಿತ್ ಎ ಸ್ಲ್ಯಾಂಟ್ ಟು ಡಾಕ್ಯುಮೆಂಟೇಶನ್’. ಅದೇ ಪತ್ರಿಕೆ ಮುಂದೆ ‘ಸ್ರೆಲ್ಸ್ ಜರ್ನಲ್ ಆಫ್ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್’ ಆಯಿತು. ಗ್ರಂಥಾಲಯ ಹೋಗಿ ಮಾಹಿತಿ ಬಂತು. ಇಂಥ ಪತ್ರಿಕೆಯ ಹಳೆಯ ಸಂಪುಟಗಳಿಗೆ ರೆಕ್ಸಿನ್ ಬೈಂಡ್ ಮಾಡಿಸಿ ಸಾಲಾಗಿ ಜೋಡಿಸಿದ ಕಪಾಟಿನ ಮುಂದೆ ನಿಂತರೆ ಬದಲಾವಣೆ ಕಣ್ಣಿಗೇ ಕಾಣುತ್ತದೆ: ಬೆನ್ನ ಮೇಲಿನ ಚಿನ್ನದ ಬಣ್ಣದ ಅಕ್ಷರ ಒಂದು ವರ್ಷದವರೆಗೆ ಒಂದು ಹೆಸರು ಹೇಳುತ್ತದೆ, ಪಕ್ಕದ ಸಂಪುಟ ಇನ್ನೊಂದು. ಅಮೆರಿಕದಲ್ಲಿ 1950ರಲ್ಲಿ ‘ಅಮೆರಿಕನ್ ಡಾಕ್ಯುಮೆಂಟೇಶನ್’ ಆಗಿ ಹುಟ್ಟಿದ ಪತ್ರಿಕೆಯಂತೂ 1970, 2001, 2014ರಲ್ಲಿ, ಮೂರು ಸಲ ಹೆಸರು ಬದಲಿಸಿಕೊಂಡಿತು. ಇದನ್ನು ನಾನು ಚಂಚಲತೆ ಎನ್ನಲಾರೆ. ವಿಷಯ ಬೆಳೆದಾಗ ಹಳೆಯ ಅಂಗಿ ಹಿಡಿಯಲಿಲ್ಲ, ಅಷ್ಟೇ.

ಹೆಸರಿಗಿಂತ ಕಷ್ಟದ್ದು ನಂಬಿಕೆ ಉಳಿಸಿಕೊಳ್ಳುವುದು. 2018ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ತಾನು ಒಪ್ಪಿದ ಜರ್ನಲ್‌ಗಳ ಪಟ್ಟಿಯಿಂದ ಒಂದೇ ಏಟಿಗೆ 4,305 ಜರ್ನಲ್‌ಗಳನ್ನು ತೆಗೆದುಹಾಕಿತು. ಮರುವರ್ಷ ಜನವರಿಯಲ್ಲಿ ‘ಜರ್ನಲ್ ಆಫ್ ಇನ್ಫರ್ಮೆಟ್ರಿಕ್ಸ್’ನ ಇಡೀ ಸಂಪಾದಕ ಮಂಡಳಿ ಪ್ರಕಾಶಕರೊಡನೆ ಮುರಿದುಕೊಂಡು ಹೊರಬಂದು, ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಹೊಸ ಪತ್ರಿಕೆ ಕಟ್ಟಿತು. ಜರ್ನಲ್‌ಗಳ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವವಿರುವ ರಾಜೀನಾಮೆ ಅದು.

ಉಚಿತ ಓದು ಬೇಕೇ ಬೇಕು, ಏಕೆಂದರೆ ಸರ್ಕಾರದ ಚಂದಾ ಎಲ್ಲರನ್ನೂ ಮುಟ್ಟಿಲ್ಲ. ಮೊದಲ ಹಂತದಲ್ಲಿ 6,300ಕ್ಕೂ ಹೆಚ್ಚು ಸಂಸ್ಥೆಗಳು ಸೇರಿವೆ, ಅವೆಲ್ಲ ಸರ್ಕಾರದವು. ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿಯಂಥ ಊರುಗಳಲ್ಲಿ ಖಾಸಗಿ ಆಡಳಿತದ ಕಾಲೇಜಿಗೆ ಹೋಗುವ ಮಕ್ಕಳೂ ಇದ್ದಾರೆ. ಒಂದೇ ಹಳ್ಳಿಯಿಂದ ಒಂದೇ ಬಸ್ಸು ಹತ್ತಿ ಬರುವ ಇಬ್ಬರು ಗೆಳತಿಯರು ಒಂದೇ ಲೇಖನ ಹುಡುಕಿದರೆ, ಒಬ್ಬಳಿಗೆ ಪುಟ ತೆರೆದುಕೊಳ್ಳುತ್ತದೆ. ಇನ್ನೊಬ್ಬಳಿಗೆ ಬೆಲೆ ಕಾಣುತ್ತದೆ, ಅದೂ ಡಾಲರ್‌ನಲ್ಲಿ.