ಹಾಡುಗಳ ಮಾಲೆ ನಾಟಕವಾಗುವ ಬಗೆ

ರೇಡಿಯೋದಲ್ಲಿ ಒಂದು ಭಾವಗೀತೆಯನ್ನು ಕೇಳುತ್ತೀರಿ. ಹಾಡುತ್ತಿರುವವರು ಯಾರು, ಯಾರನ್ನು ಕುರಿತು ಹಾಡುತ್ತಿದ್ದಾರೆ, ಅದಕ್ಕೆ ಮುಂಚೆ ಆ ಮನೆಯಲ್ಲಿ ಏನು ನಡೆಯಿತು ಎಂಬುದನ್ನೆಲ್ಲ ಹಾಡು ಹೇಳುವುದಿಲ್ಲ. ಆದರೂ ನಿಮ್ಮ ಮನಸ್ಸು ಅದಕ್ಕೊಂದು ಮುಖವನ್ನು ಕಲ್ಪಿಸಿಕೊಳ್ಳುತ್ತದೆ. ಹತ್ತು ಮನೆಗಳಲ್ಲಿ ಹತ್ತು ಮುಖ. ಅದೇ ಹಾಡು ರಂಗಕ್ಕೆ ಬಂದಿತೆನ್ನಿ, ಮುಖ ಒಂದೇ ಆಗುತ್ತದೆ. ಕೇಳುಗರ ಕಲ್ಪನೆಯನ್ನು ಕಿತ್ತುಕೊಂಡ ನಾಟಕಕಾರನು ಅದಕ್ಕೆ ಪ್ರತಿಯಾಗಿ ಏನನ್ನು ಕೊಡಬೇಕು?

ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಕೂಡಿದಾಗ ರಸನಿಷ್ಪತ್ತಿ ಎಂಬುದು ಭರತನ ಮತ. ವಿಭಾವವೆಂದರೆ ಭಾವವು ಹುಟ್ಟಲು ಕಾರಣವಾದ ವ್ಯಕ್ತಿ ಮತ್ತು ಸಂದರ್ಭ. ಹಾಡಿನಲ್ಲಿ ಭಾವ ತುಂಬಿರುತ್ತದೆ. ವಿಭಾವ ಅರ್ಧ ಮರೆಯಲ್ಲಿರುತ್ತದೆ. ಅದನ್ನು ಬೆಳಕಿಗೆ ತರುವುದೇ ರಂಗದ ಕೆಲಸ.

ಪಶ್ಚಿಮದ ಒಂದು ನಿದರ್ಶನವನ್ನು ನೋಡಿ. ಇಂಗ್ಲೆಂಡಿನ ‘ದಿ ಹೂ’ ಎಂಬ ರಾಕ್ ವಾದ್ಯತಂಡ 1969ರಲ್ಲಿ ‘ಟಾಮಿ’ ಎಂಬ ಹಾಡುಗಳ ಮಾಲೆಯನ್ನು ಧ್ವನಿಮುದ್ರಿಸಿ ಹೊರತಂದಿತು. ಸತ್ತನೆಂದು ನಂಬಿದ್ದ ಸೈನಿಕ ಮನೆಗೆ ಮರಳುತ್ತಾನೆ. ಹೆಂಡತಿಯ ಬಳಿ ಪ್ರಿಯಕರನಿದ್ದಾನೆ. ಅಲ್ಲಿ ಕಂಡದ್ದರ ಆಘಾತದಿಂದ ಬಾಲಕ ಟಾಮಿ ಕುರುಡ, ಕಿವುಡ, ಮೂಕನಂತಾಗುತ್ತಾನೆ. ಸತ್ತವರು ಯಾರೆಂದು ಹಾಡು ಬಿಡಿಸಿ ಹೇಳುವುದಿಲ್ಲ. 1975ರ ಚಲನಚಿತ್ರದಲ್ಲಿ ಸತ್ತವನು ತಂದೆ. 1992ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೊದಲಾಗಿ 1993ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ಸೇರಿದ ನಾಟಕದಲ್ಲಿ ಸತ್ತವನು ಆ ಪ್ರಿಯಕರ. ತಂದೆಯನ್ನು ಕಳೆದುಕೊಂಡ ಮಗುವಿನ ದುಃಖ ಬೇರೆ, ತಂದೆಯೇ ಕೊಲೆಗಾರನಾದ ಮಗುವಿನ ದುಃಖ ಬೇರೆ. ವಿಭಾವ ಬದಲಾದೊಡನೆ ಹಾಡಿನ ಅರ್ಥವೂ ಬದಲಾಯಿತು.

‘ಗ್ರೀನ್ ಡೇ’ ಎಂಬ ಅಮೆರಿಕದ ತಂಡದ ‘ಅಮೆರಿಕನ್ ಈಡಿಯಟ್’ 2004ರದು. 2009ರಲ್ಲಿ ಅದನ್ನು ರಂಗಕ್ಕೆ ತಂದಾಗ ಹಾಡುಗಳನ್ನು ಮೂವರು ಗೆಳೆಯರಿಗೆ ಹಂಚಿದರು: ಒಬ್ಬ ನಗರದಲ್ಲಿ ಮಾದಕವಸ್ತುವಿಗೆ ಬಲಿಯಾಗುತ್ತಾನೆ, ಒಬ್ಬ ಸೈನ್ಯ ಸೇರುತ್ತಾನೆ, ಒಬ್ಬ ಮನೆಯಲ್ಲೇ ಉಳಿಯುತ್ತಾನೆ. ಮಾತು ತೀರ ಕಡಿಮೆ. ಬಾಳಿನ ದಾರಿ ಮಾತ್ರ ಸ್ಪಷ್ಟ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪ್ರಯತ್ನ ‘ಮೈಸೂರ ಮಲ್ಲಿಗೆ’ಯದು. ಕೆ. ಎಸ್. ನರಸಿಂಹಸ್ವಾಮಿಯವರ ಈ ಕವನಸಂಕಲನ 1942ರದು. ಒಂದೊಂದು ಕವಿತೆಯೂ ತಾನೇ ಪೂರ್ಣ. ಇಡೀ ಸಂಕಲನಕ್ಕೊಂದು ಕಥೆಯಿಲ್ಲ. ಸಿ. ಅಶ್ವತ್ಥರ ರಾಗಸಂಯೋಜನೆ ಅವನ್ನು ಮನೆಮನೆಗೆ ಮುಟ್ಟಿಸಿತು. ಟಿ. ಎಸ್. ನಾಗಾಭರಣರ ಚಲನಚಿತ್ರ ಆ ಗೀತೆಗಳ ಸುತ್ತ ಕಥೆಯೊಂದನ್ನು ಕಟ್ಟಿತು. ಬೆಂಗಳೂರಿನ ಕಲಾಗಂಗೋತ್ರಿ ತಂಡವು ಅದೇ ಹೆಸರಿನ ನಾಟಕದಲ್ಲಿ ಕವಿಯ ಬಾಳನ್ನೇ ದಾರವಾಗಿಸಿ ಗೀತೆಗಳನ್ನು ಪೋಣಿಸಿತು.

ಈ ಜಾಣ್ಮೆ ನಮ್ಮ ಹಳ್ಳಿಗಳಿಗೆ ಹೊಸದೇನೂ ಅಲ್ಲ. ವಳಕಮದಿನ್ನಿ, ಮಸ್ಕಿ, ಸಿಂಧನೂರುಗಳ ಈ ಸೀಮೆಯಲ್ಲಿ ದೊಡ್ಡಾಟವನ್ನು ಕಂಡವರು ನೆನೆದುಕೊಳ್ಳಲಿ. ಪಾತ್ರವು ರಂಗಕ್ಕೆ ಬಂದೊಡನೆ ಸಾರಥಿ ವಿಚಾರಿಸುತ್ತಾನೆ: ತಾವು ಯಾರು? ಬಂದ ಕಾರಣವೇನು? ಉತ್ತರ ಬಂದಿತೋ, ಮುಂದಿನ ಪದಕ್ಕೆ ನೆಲೆ ಸಿಕ್ಕಿತು. ಸಾರಥಿಯ ಆ ಎರಡು ಪ್ರಶ್ನೆಗಳಲ್ಲೇ ವಿಭಾವವೆಲ್ಲ ಅಡಗಿದೆ.

ನಿಮ್ಮೂರ ಯುವಕ ಸಂಘದವರೋ ಶಾಲೆಯ ಮಕ್ಕಳೋ ಮೆಚ್ಚಿನ ಹಾಡುಗಳನ್ನು ನಾಟಕವಾಗಿಸಲು ಹೊರಟರೆ, ಮೊದಲು ಹಾಡಿನ ಹಕ್ಕುದಾರರ ಅನುಮತಿ ಪಡೆಯಲಿ. ಆಮೇಲೆ ಪ್ರತಿಯೊಂದು ಹಾಡಿಗೂ ಸಾರಥಿಯ ಪ್ರಶ್ನೆ ಹಾಕಲಿ. ಹಾಡು ಮುಗಿದಾಗ ಪಾತ್ರದ ಸ್ಥಿತಿ ಬದಲಾಯಿತೇ ಎಂದೂ ನೋಡಲಿ. ಬದಲಾಗದಿದ್ದರೆ ಅದು ಕಚೇರಿಯಲ್ಲಿ ಹಾಡಬೇಕಾದ ಹಾಡು, ನಾಟಕಕ್ಕೆ ಹೊರೆ. ಹಾಡು ಹೇಳಿದ್ದನ್ನೇ ಮಾತಿನಲ್ಲಿ ಮತ್ತೆ ವಿವರಿಸಲು ಹೋದರೆ ಕೇಳುಗರಿಗೆ ಊಹಿಸಲು ಏನೂ ಉಳಿಯುವುದಿಲ್ಲ. ಅಷ್ಟನ್ನು ಅವರ ಪಾಲಿಗೆ ಬಿಡುವುದು ಲೇಸು.