ಎತ್ತು ಮೊಂಡು ಬಿದ್ದಿದೆಯೇ? ಮೊದಲು ನೊಗ ನೋಡಿ

ಕುದುರೆಗೆ ಜೀನು ಸರಿ ಕೂರದಿದ್ದರೆ ಬೆನ್ನು ಹುಣ್ಣಾಗುತ್ತದೆ. ಎತ್ತಿಗೆ ನೊಗವೂ ಹಾಗೇ. ಇದು ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಪೆಟ್ಟು ತಿಂದದ್ದು ನಾನಲ್ಲ, ನನ್ನ ಎತ್ತು.

ನಾರಾಯಣಪುರದ ಎಡದಂಡೆ ಕಾಲುವೆ ಪಕ್ಕ ನಮ್ಮ ಹೊಲ. ಹೋದ ಮುಂಗಾರಿಗೆ ಹಳೆಯ ಎತ್ತಿಗೆ ಜೋಡಿಯಾಗಿ ಎತ್ತರದ ಹೊಸದೊಂದು ತಂದೆ. ತೊಗರಿ ಬಿತ್ತುವ ಹೊತ್ತಿಗೆ ಹಳೆಯ ಎತ್ತು ನೊಗ ಕಂಡರೆ ತಲೆ ಕೊಡವತೊಡಗಿತು, ಸಾಲಿನ ನಡುವೆ ನಿಲ್ಲತೊಡಗಿತು. ಮೈಗಳ್ಳ ಅಂತ ಬಾರಕೋಲಿನಿಂದ ಹೊಡೆದೆ. ಬದುವಿನಲ್ಲಿ ಹೊಂಟಿದ್ದ ಹಿರಿಯರೊಬ್ಬರು, "ತಮ್ಮಾ, ಹೊಡೀಬ್ಯಾಡ. ಹೆಗಲು ಮುಟ್ಟಿ ನೋಡು" ಅಂದರು. ಮುಟ್ಟಿದರೆ ಬಿಸಿ, ಊತ, ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಪಶುವೈದ್ಯರು ಹದಿನೈದು ದಿನ ನೊಗ ಹೂಡಬೇಡಿ ಅಂದರು. ಉಳಿದ ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರೇ ಗತಿಯಾಯಿತು.

ಎತ್ತುಗಳ ಎತ್ತರ ಹೆಚ್ಚುಕಮ್ಮಿ ಇದ್ದರೆ ನೊಗ ಓರೆಯಾಗಿ ಒಂದೇ ಜಾಗ ಉಜ್ಜುತ್ತದೆ. ಅದಕ್ಕೇ ಎತ್ತರ, ನಡಿಗೆ ಎರಡೂ ಹೊಂದುವ ಜೋಡಿ ಕಟ್ಟಿ. ಹೆಗಲಿಗೆ ತಾಗುವ ಭಾಗ ಅಗಲವಾಗಿ, ದುಂಡಗೆ, ನುಣುಪಾಗಿರಬೇಕು. ಸೀಳು, ಗಂಟು, ಮೊಳೆ ಇದ್ದರೆ ಬಡಿಗೇರರ ಹತ್ತಿರ ಕೆತ್ತಿಸಿ. ಗೋಣಿತಟ್ಟು ಸುತ್ತಿದರೆ ಸಾಲದು. ಬೆವರು, ಮಣ್ಣು ಹತ್ತಿ ಗಟ್ಟಿಯಾದರೆ ಅದೇ ಗಾಯ ಮಾಡುತ್ತದೆ. ಜತ್ತಿಗೆಯೊಳಗೆ ಕೈ ಸಲೀಸಾಗಿ ಆಡಬೇಕು. ಬಂಡಿಯಲ್ಲಿ ಭಾರ ಮುಂದಾದರೆ ಹೆಗಲು ಜಜ್ಜುತ್ತದೆ, ಹಿಂದಾದರೆ ಜತ್ತಿಗೆ ಗಂಟಲು ಒತ್ತುತ್ತದೆ. ಹೆಗಲು ಒದ್ದೆ ಇದ್ದಾಗ ಚರ್ಮ ಬೇಗ ಕಿತ್ತುಬರುತ್ತದೆ. ಮಳೆಯಲ್ಲಿ, ಭತ್ತದ ಕೆಸರುಗದ್ದೆಯಲ್ಲಿ ಎಚ್ಚರ.

ಹೊಸ ಹೋರಿಗೆ ಮೊದಲ ದಿನವೇ ಪೂರ್ತಿ ದುಡಿಮೆ ಬೇಡ. ದಿನಾ ಸ್ವಲ್ಪ ಸ್ವಲ್ಪ ಹೂಡಿದರೆ ಹೆಗಲು ಪಳಗುತ್ತದೆ. ಭಾರ ಎಳೆಯುವ ಪ್ರಾಣಿಗಳ 1965ರ ನಿಯಮದಂತೆ ದಿನಕ್ಕೆ ಒಟ್ಟು 9 ಗಂಟೆಗಿಂತ, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ನಮ್ಮ ಬಿಸಿಲಿಗೆ ಇದು ಬರೀ ಕಾಗದದ ಮಾತಲ್ಲ.

ಊತ ಕಂಡ ದಿನವೇ ನೊಗ ಬಿಡಿ. ಹೊಸ ಊತಕ್ಕೆ ತಣ್ಣೀರಿನ ಬಟ್ಟೆ ಇಡಿ. ಗಾಯವಾಗಿದ್ದರೆ ನೊಣ ಕೂರದಂತೆ ಸುತ್ತಲೂ ಬೇವಿನೆಣ್ಣೆ ಸವರಿ. ಸುಣ್ಣ ಹಚ್ಚಬೇಡಿ, ಬರೆ ಹಾಕಬೇಡಿ, ಕೀವಿನ ಗಂಟು ನೀವೇ ಕೊಯ್ಯಬೇಡಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಸಿಗುತ್ತದೆ.

ಕಾರಹುಣ್ಣಿಮೆಗೆ ಎತ್ತು ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತೇವಲ್ಲ, ಅಂದು ಹೆಗಲ ಮೇಲೂ ಒಮ್ಮೆ ಕೈ ಆಡಿಸಿ. ಬಿತ್ತನೆ ದಿನಗಳಲ್ಲಂತೂ ದಿನಾ ಸಂಜೆ ನೊಗ ಇಳಿಸಿದ ಕೂಡಲೇ ನೋಡಿ. ನಮ್ಮ ಎತ್ತು ವಾಸಿಯಾಯಿತು. ಆದರೂ ಇವತ್ತಿಗೂ ನಾನು ನೊಗ ಎತ್ತಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.